ಇಬ್ಬರು ಬೆಳ್ಳಿಯರು ಮತ್ತು ಓದಿದವರ ಮಾತು

ಒಂದೇ ಕಾದಂಬರಿಯನ್ನು ಇಬ್ಬರು ಓದುತ್ತಾರೆ. ಇಬ್ಬರೂ ತಮಗೆ ಅನ್ನಿಸಿದ್ದನ್ನು ಹೇಳುತ್ತಾರೆ. ಒಬ್ಬರ ಮಾತನ್ನು ನಾವು ‘ವಿಮರ್ಶೆ’ ಎಂಬ ಖಾನೆಗೆ ಹಾಕುತ್ತೇವೆ, ಇನ್ನೊಬ್ಬರ ಮಾತನ್ನು ‘ಅನುಭವ’ ಎಂಬ ಖಾನೆಗೆ. ದಲಿತ ವಿಮರ್ಶೆಯ ಚರ್ಚೆ ಬಂದಾಗಲೆಲ್ಲ ಬರೆದವರು ಯಾರು, ಪಾತ್ರಗಳು ಯಾರು ಎಂದು ಕೇಳುತ್ತೇವೆ. ಓದಿದವರ ಮಾತನ್ನು ಯಾವ ಖಾನೆಗೆ ಹಾಕಿದೆವು, ಯಾಕೆ ಹಾಕಿದೆವು ಎಂದು ಕೇಳುವುದು ಕಡಿಮೆ. ನನಗೆ ಇದು ಸಣ್ಣ ಪ್ರಶ್ನೆ ಅನ್ನಿಸುವುದಿಲ್ಲ. ಅನುಭವ ಎಂದು ಕರೆದ ಮಾತಿಗೆ ತಲೆದೂಗಿ ಸುಮ್ಮನಾಗಬಹುದು. ತೀರ್ಪು ಎಂದು ಕರೆದ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಓದುಗನ ಅಭಿಪ್ರಾಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಕನ್ನಡಕ್ಕೆ ಹೊಸ ವಿಷಯವಲ್ಲ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಯಾವ ಪುಸ್ತಕ, ಯಾವ ಕಾರಣಕ್ಕೆ ಎಂಬ ಪ್ರಶ್ನೆಗಿಂತ ಮೊದಲು ರಾಜೀನಾಮೆಯ ಕೂಗು ಎದ್ದಿತು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆ ಗಲಾಟೆಯ ಒಡಲಿಂದಲೇ ದಲಿತ ಸಂಘರ್ಷ ಸಮಿತಿ ಮೈತಳೆಯಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಬಸವಲಿಂಗಪ್ಪನವರ ಮಾತು ಒರಟಾಗಿತ್ತು ಎನ್ನುವವರು ಇಂದಿಗೂ ಇದ್ದಾರೆ. ಇರಲಿ. ಒರಟಾಗಿದ್ದರೂ ಅದು ಒಬ್ಬ ಓದುಗನ ತೀರ್ಪಾಗಿತ್ತು. ಅದನ್ನು ತೀರ್ಪೆಂದು ತಗೊಂಡು ವಾದಿಸುವ ಬದಲು ಅಪರಾಧ ಎಂದು ತಗೊಂಡರು.

ಈಗ ಹಾಗೆ ಯಾರೂ ಹೊಡೆಯುವುದಿಲ್ಲ. ಈಗಿನ ದಾರಿ ಬೇರೆ. ನಯವಾಗಿ, ಗೌರವದಿಂದಲೇ ನಮ್ಮ ಮಾತನ್ನು ಬದಿಗೆ ಸರಿಸಲಾಗುತ್ತದೆ. ‘ಅದು ನಿಮ್ಮ ಅನುಭವ, ಅದರ ಬಗ್ಗೆ ನಾವೇನು ಹೇಳೋಣ’ ಎನ್ನುತ್ತಾರೆ.

ಕಲಬುರಗಿಯಲ್ಲಿ ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಮ್ಮೆ ಕೂಡುತ್ತೇವೆ. ಇತ್ತೀಚೆಗೆ ಓದಿದ ಒಂದು ಕಾದಂಬರಿಯ ಬಗ್ಗೆ ಒಬ್ಬೊಬ್ಬರೂ ಮಾತಾಡಬೇಕು. ಕಾಲೇಜು ಹುಡುಗರು, ಇಬ್ಬರು ಪ್ರಾಥಮಿಕ ಶಾಲೆ ಶಿಕ್ಷಕರು, ಸಂಘಟನೆಯಲ್ಲಿ ಕೆಲಸ ಮಾಡುವವರು ಇರುತ್ತಾರೆ. ಹುಮನಾಬಾದ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲೂ ಇಂಥದೇ ಒಂದು ಕೂಟ ಸೇರುತ್ತದೆ. ಅಲ್ಲಿ ಬರುವವರಲ್ಲಿ ಅರ್ಧ ಮಂದಿಗೆ ಅಕ್ಷರ ಬರುವುದಿಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಪುಸ್ತಕ ಒಂದೇ ಪ್ರತಿ, ಹತ್ತು ಕೈ ದಾಟಿ ಹಾಳೆ ಮೆತ್ತಗಾಗಿರುತ್ತದೆ. ಎರಡೂ ಕಡೆ ನಿಯಮ ಒಂದೇ. ಯಾರು ಏನೇ ಅಭಿಪ್ರಾಯ ಹೇಳಲಿ, ಕೂತವರು ಕೇಳಬೇಕು: ‘ಎಲ್ಲಿ ಅದ, ತೋರಸ್ರಿ.’ ಓದು ಬಾರದವರು ‘ಆ ಹೊಳಿ ದಂಡಿ ಮಾತು ಇನ್ನೊಮ್ಮೆ ಓದು’ ಎಂದರೆ ಸಾಕು. ಓದುವವರು ಆ ಪುಟ ಹುಡುಕಿ ಓದುತ್ತಾರೆ.

ಈ ಕೂಟಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಮೂರು ತರಹದವು. ಪ್ರತಿಯೊಂದರ ಒಳಗೂ ಒಂದು ವಿಮರ್ಶೆಯ ಪ್ರಶ್ನೆ ಇದೆ. ಅದನ್ನು ಬಿಡಿಸುವುದು ಹೇಗೆ ಎಂದು ನೋಡೋಣ.

ಮೊದಲನೆಯದು, ‘ಇದು ನಮ್ಮದೇ ಕತಿ ಅದ’ ಎಂಬ ಮಾತು. ಗೀತಾ ನಾಗಭೂಷಣರ ‘ಬದುಕು’ ಓದಿದಾಗ ಇದು ತಪ್ಪದೆ ಬರುತ್ತದೆ. 2001ರಲ್ಲಿ ಬಂದ ಈ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೀತಾ ಅವರು ಕಲಬುರಗಿ ಪಕ್ಕದ ಸಾವಳಗಿಯವರು, 2020ರಲ್ಲಿ ತೀರಿಕೊಂಡರು. ಈ ಸೀಮೆಯ ಕೆಳಜಾತಿಗಳ ಮಾತು ಅವರ ಪುಟಗಳಲ್ಲಿ ಹೇಗಿದೆಯೋ ಹಾಗೇ ಇದೆ. ಆದರೆ ‘ನಮ್ಮದೇ ಕತಿ’ ಎಂದು ಹೇಳಿ ನಿಂತುಬಿಟ್ಟರೆ ಕಾದಂಬರಿಗೂ ಪಂಚನಾಮೆಗೂ ವ್ಯತ್ಯಾಸ ಉಳಿಯುವುದಿಲ್ಲ. ಮುಂದಿನ ಪ್ರಶ್ನೆ ಕೇಳಬೇಕು. ನಮ್ಮ ಬದುಕಿನ ಯಾವ ಭಾಗ ಬಂದಿದೆ, ಯಾವುದು ಬಂದಿಲ್ಲ? ನಮ್ಮ ಕೂಟದಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗಂದಳು: ‘ದುಃಖ ಭಾಳ ಖರೇ ಬಂದಾದ ಮೇಡಂ. ಆದ್ರ ನಮ್ಮ ಓಣ್ಯಾಗ ನಗತಾರ ಸೈತ, ಚೇಷ್ಟಿ ಮಾಡತಾರ. ಅದು ಎಷ್ಟು ಬಂದಾದ ನೋಡೂಣು.’ ಆಕೆ ತನ್ನ ಬದುಕಿನ ಗೋಳು ಹೇಳುತ್ತಿರಲಿಲ್ಲ. ಕೃತಿಯ ಸಮತೋಲವನ್ನು ಪರೀಕ್ಷಿಸುತ್ತಿದ್ದಳು.

ಎರಡನೆಯದು, ‘ಈ ಭಾಷಾ ತಿಳಿಯಂಗಿಲ್ಲ’ ಎಂಬ ಮಾತು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ, ಅದಕ್ಕೆ ಅಕಾಡೆಮಿ ಪ್ರಶಸ್ತಿ 1990ರಲ್ಲಿ. ಅದರ ಕನ್ನಡ ನಂಜನಗೂಡು ಸೀಮೆಯದು. ತಿಳಿಯದು ಎಂಬ ದೂರು ಎಲ್ಲ ಕಡೆಯಿಂದ ಬಂದದ್ದೇ. ಆದರೆ ಎಲ್ಲರ ದೂರೂ ಒಂದೇ ಅಲ್ಲ. ಶಿಷ್ಟ ಕನ್ನಡದಲ್ಲಿ ಬೆಳೆದವರು ಹೇಳುವಾಗ ಕಾದಂಬರಿ ತಮ್ಮ ಅಳತೆಗೆ ಬರಲಿಲ್ಲ ಎಂಬ ಬೇಸರ ಅದರಲ್ಲಿರುತ್ತದೆ. ಕಲಬುರಗಿಯ ಹುಡುಗ ಹೇಳುವಾಗ, ಇದು ಇನ್ನೊಂದು ಕೇರಿಯ ಕನ್ನಡ, ನನ್ನ ಕೇರಿಯದಲ್ಲ ಎಂದು ಅರ್ಥ. ಶಾಲೆಯ ಪುಸ್ತಕದ ಕನ್ನಡವೂ ಅವನದಲ್ಲ. ಅದು ತಿಳಿಯದಿದ್ದಾಗ ತಪ್ಪು ಅವನದು ಎಂದು ಎಲ್ಲರೂ ಹೇಳಿದರು, ‘ಕುಸುಮಬಾಲೆ’ ತಿಳಿಯದಿದ್ದಾಗ ಮಾತ್ರ ತಪ್ಪು ಪುಸ್ತಕದ್ದಾಯಿತು. ನಾವು ಕೂಟದಲ್ಲಿ ಅದನ್ನು ಗಟ್ಟಿಯಾಗಿ ಓದಿದೆವು. ಜೋತಮ್ಮಗಳು ಮಾತಾಡುವ ಭಾಗ ಕಣ್ಣಿಗೆ ಸಿಗದ್ದು ಕಿವಿಗೆ ಸಿಕ್ಕಿತು. ಹೀಗೆ ‘ತಿಳಿಯಂಗಿಲ್ಲ’ ಎಂಬ ಮಾತಿನಿಂದ ಹೊರಟು, ಈ ಕಾದಂಬರಿ ಕೇಳಿಸಿಕೊಳ್ಳುವವರಿಗಾಗಿ ಬರೆದದ್ದೇ ಎಂಬ ಪ್ರಶ್ನೆಗೆ ಬಂದೆವು.

ಮೂರನೆಯದು, ‘ಅಕಿ ಮಾತು ಯಾಕ ಯಾರೂ ಕೇಳಂಗಿಲ್ಲ?’ ಎಂಬ ಪ್ರಶ್ನೆ. ನನ್ನ ಪ್ರಕಾರ ಮೂರರಲ್ಲಿ ಇದೇ ದೊಡ್ಡದು.

ಕನ್ನಡದ ಎರಡು ಹೆಸರಾಂತ ಕಾದಂಬರಿಗಳಲ್ಲಿ ದಲಿತ ಹೆಣ್ಣಿನ ಹೆಸರು ಒಂದೇ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನ ಮಗಳು ಬೆಳ್ಳಿ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಅಗ್ರಹಾರದ ಶ್ರೀಪತಿ ಗುಟ್ಟಾಗಿ ಕೂಡುವ ಹೆಣ್ಣೂ ಬೆಳ್ಳಿ. ಇದನ್ನು ಮೊದಲು ಎತ್ತಿ ತೋರಿಸಿದ್ದು ಕಲಬುರಗಿ ಕೂಟದ ಒಬ್ಬ ಬಿ.ಎ. ವಿದ್ಯಾರ್ಥಿ. ಎರಡೂ ಪುಸ್ತಕವನ್ನು ಒಂದೇ ತಿಂಗಳು ಓದಿದ್ದ.

ಚೋಮನಿಗೆ ಭೂಮಿ ಬೇಕು. ಅವನ ಆಸೆ, ಅವನ ದುಡಿ, ಅವನ ಸಾವು ಕಾದಂಬರಿಯ ಬೆನ್ನುಮೂಳೆ. ಆದರೆ ಕಾಫಿ ತೋಟದ ಸಾಲ ಗಂಡುಮಕ್ಕಳ ದುಡಿಮೆಯಿಂದ ತೀರುವುದಿಲ್ಲ, ಬೆಳ್ಳಿ ತೋಟಕ್ಕೆ ಹೋದ ಮೇಲೆ ತೀರುತ್ತದೆ. ತೀರಿದ್ದು ಹೇಗೆ ಎಂಬುದನ್ನು ಚೋಮ ಮರ್ಯಾದೆಯ ಪ್ರಶ್ನೆಯಾಗಿ ನೋಡುತ್ತಾನೆ. ಬೆಳ್ಳಿಗೆ ಏನು ಬೇಕಾಗಿತ್ತು? ಚೋಮನ ಆಸೆಯನ್ನು ಎತ್ತಿ ಹಿಡಿದಷ್ಟು ಬೆಳಕಿನಲ್ಲಿ ಕಾದಂಬರಿ ಆಕೆಯ ಆಸೆಯನ್ನು ಹಿಡಿಯುವುದಿಲ್ಲ.

‘ಸಂಸ್ಕಾರ’ದ ಬೆಳ್ಳಿಯ ಪ್ರಶ್ನೆ ಇನ್ನೂ ತೊಡಕಿನದು. ಇಡೀ ಅಗ್ರಹಾರ ನಾರಣಪ್ಪನ ಹೆಣ ಯಾರು ಸುಡಬೇಕೆಂದು ತಲೆ ಕೆಡಿಸಿಕೊಂಡಿದೆ. ಅದೇ ಹೊತ್ತಿಗೆ ಕೇರಿಯಲ್ಲಿ ಜನ ಸಾಯುತ್ತಿದ್ದಾರೆ, ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಿದ್ದಾರೆ. ಅಲ್ಲಿ ಶಾಸ್ತ್ರ ಕೇಳುವವರಿಲ್ಲ. ಬೆಳ್ಳಿ ಇಲಿಗಳ ಸಂಗತಿ, ಸಾವಿನ ಸಂಗತಿ ಶ್ರೀಪತಿಗೆ ಹೇಳುತ್ತಾಳೆ. ಅವನಿಗೆ ಬೇಕಾದದ್ದು ಆಕೆಯ ಮೈ, ಮಾತಲ್ಲ. ಆಕೆ ಬಾಯಿ ತೆರೆದರೆ ಬರೀ ದೆವ್ವ ಭೂತದ ಮಾತು ಎಂಬುದು ಅವನ ಎಣಿಕೆ.

ಇಷ್ಟು ಓದಿಸಿಕೊಂಡ ಮೇಲೆ ಕಮಲಾಪುರದ ಕೂಟದಲ್ಲಿ ತೊಗರಿ ಹೊಲದ ಕೂಲಿಗೆ ಹೋಗುವ ಒಬ್ಬ ಹಿರಿಯ ಹೆಣ್ಣುಮಗಳು ತಡೆದರು. ‘ನಿಂದ್ರು ತಂಗಿ. ಇಲಿ ಬಿದ್ದು ಸಾಯಲತ್ಯಾವ, ಮಂದಿ ಸಾಯಲತ್ಯಾರ ಅಂತ ಅಕಿ ಮೊದಲ ಹೇಳ್ಯಾಳಲ್ಲ? ಅದು ದೆವ್ವ ಹೆಂಗಾಯ್ತು? ಅದು ಬ್ಯಾನಿ ಸುದ್ದಿ. ಅಂವ ಕಿವಿಗೆ ಹಾಕ್ಕೊಂಡಿದ್ರ ಊರು ಎಚ್ಚರಾಗತಿತ್ತು.’

ಈ ಮಾತಿನ ತೂಕ ನೋಡಿರಿ. ಪ್ಲೇಗಿನ ಖಚಿತ ಸುದ್ದಿ ಕಾದಂಬರಿಯೊಳಗೆ ಒಬ್ಬ ದಲಿತ ಹೆಣ್ಣಿನ ಬಾಯಲ್ಲಿದೆ. ಕೇಳಿದವನು ಅದನ್ನು ಮೂಢನಂಬಿಕೆಯ ಖಾನೆಗೆ ಹಾಕುತ್ತಾನೆ. ಹಾಗಾದರೆ ಇದು ಶ್ರೀಪತಿಯ ಕಿವುಡುತನವನ್ನು ಕಾದಂಬರಿ ಬೇಕೆಂದೇ ತೋರಿಸುವ ವ್ಯಂಗ್ಯವೋ, ಅಥವಾ ಪ್ರಾಣೇಶಾಚಾರ್ಯರ ತಳಮಳದ ಹಿಂದೆ ಹೋದ ಕಾದಂಬರಿಯೂ ಆಕೆಯ ಮಾತನ್ನು ಅಲ್ಲೇ ಬಿಟ್ಟುಬಿಡುತ್ತದೆಯೋ? ಎರಡಕ್ಕೂ ಪುಟಗಳಿಂದ ಆಧಾರ ಕೊಡಬಹುದು. ಆ ದಿನ ಕಮಲಾಪುರದಲ್ಲಿ ರಾತ್ರಿಯಾಗುವವರೆಗೆ ಇದೇ ವಾದ ನಡೆಯಿತು. ನಾನು ಎರಡನೆಯ ಪಕ್ಷದವಳು, ಆದರೂ ಮೊದಲನೆಯದು ಹಗುರವಾದ ವಾದವಲ್ಲ.

ಆಮೇಲೆ ಒಂದು ವಿಚಾರ ಸಂಕಿರಣದಲ್ಲಿ ಈ ಓದನ್ನು ಮುಂದಿಟ್ಟೆ. ಅಧ್ಯಕ್ಷತೆ ವಹಿಸಿದವರು ಅದನ್ನು ಬಹಳ ಮೆಚ್ಚಿದರು. ಗ್ರಾಮೀಣ ಓದುಗರ ಮುಗ್ಧ, ಹೃದಯಸ್ಪರ್ಶಿ ಪ್ರತಿಕ್ರಿಯೆ ಎಂದರು. ವ್ಯಂಗ್ಯವೋ ಮರೆವೋ ಎಂಬ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ಶ್ರೀಪತಿ ಬೆಳ್ಳಿಯ ಸುದ್ದಿಯನ್ನು ದೆವ್ವದ ಮಾತು ಮಾಡಿದ. ಸಭೆ ಈ ತೀರ್ಪನ್ನು ಹೃದಯಸ್ಪರ್ಶಿ ಅನುಭವ ಮಾಡಿತು. ಬೈಗುಳಕ್ಕೂ ಹೊಗಳಿಕೆಗೂ ಇಲ್ಲಿ ಕೆಲಸ ಒಂದೇ.

ಯಾರಿಗೆ ಮಾತಿದೆ, ಯಾರಿಗಿಲ್ಲ ಎಂದು ಕೇಳುವುದು ಮುಗ್ಧತೆಯಲ್ಲ. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ನಲ್ಲಿ ಆಫ್ರಿಕದವರ ಬಾಯಿಗೆ ಎಷ್ಟು ಮಾತು ಸಿಕ್ಕಿದೆ ಎಂದು ಎಣಿಸಿ ತೋರಿಸಿದರು. ಈಗ ಆ ಕೃತಿಯನ್ನು ಗಂಭೀರವಾಗಿ ಓದುವವರು ಅಚಿಬೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಅಚಿಬೆ ಕೇಳಿದ್ದಕ್ಕೂ ಕಮಲಾಪುರದ ಆ ತಾಯಿ ಕೇಳಿದ್ದಕ್ಕೂ ಜಾತಿ ಒಂದೇ.

‘ಇದೆಲ್ಲ ಸಾಹಿತ್ಯವನ್ನು ಜಾತಿಗಣತಿಗೆ ಇಳಿಸುವುದಲ್ಲವೇ’ ಎಂದು ಕೇಳುವವರಿದ್ದಾರೆ. ಎಣಿಕೆ ಆರಂಭ ಮಾತ್ರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ತಗೊಳ್ಳಿ. ನಾಯಿಗುತ್ತಿ ಜೀತದ ಆಳು. ಅವನ ನಡಿಗೆ, ತಿಮ್ಮಿಯ ಮೇಲಿನ ಅವನ ಪ್ರೀತಿ, ಹುಲಿಯ ನಾಯಿಯ ಸಂಗಡ ಅವನ ನಂಟು ಕಾದಂಬರಿಯ ಉದ್ದಕ್ಕೂ ಹರಿದಿದೆ. ನಮ್ಮ ಕೂಟದಲ್ಲಿ ಹೆಚ್ಚು ಪ್ರೀತಿ ಗಿಟ್ಟಿಸಿದ ಪಾತ್ರ ಅದು. ಬರೆದವರು ದಲಿತರಲ್ಲ ಎಂಬುದು ಅದಕ್ಕೆ ಅಡ್ಡ ಬರಲಿಲ್ಲ. ಆದರೂ ಒಬ್ಬ ಹುಡುಗ ಕೇಳಿದ: ‘ಗುತ್ತಿಗೆ ತಿಮ್ಮಿ ಸಿಕ್ಕಳು ಖರೇ. ಜೀತ ಹೋಯ್ತೇನ್ರಿ?’ ಪ್ರೀತಿಯೂ ಇರಲಿ, ಈ ಪ್ರಶ್ನೆಯೂ ಇರಲಿ. ಒಂದರಿಂದ ಇನ್ನೊಂದು ರದ್ದಾಗುವುದಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು. ದಲಿತ ಲೇಖಕರ ಕೃತಿ ಬಂದಾಗ ನಮ್ಮ ಕೂಟಗಳಲ್ಲೂ ‘ಎಲ್ಲಿ ಅದ, ತೋರಸ್ರಿ’ ಎಂಬ ಪ್ರಶ್ನೆ ಮೆತ್ತಗಾಗುತ್ತದೆ. ನೋವು ಬರೆದವರನ್ನು ಪುಟ ಕೇಳುವುದು ಹೇಗೆ ಎಂಬ ಸಂಕೋಚ. ಇದು ಮಮತೆ ಹೌದು, ಆದರೆ ಆ ಅಧ್ಯಕ್ಷರ ಮೆಚ್ಚುಗೆಗೂ ಇದಕ್ಕೂ ದೂರ ಬಹಳಿಲ್ಲ. ದಲಿತ ಸಾಹಿತ್ಯಕ್ಕೆ ತನ್ನದೇ ಸೌಂದರ್ಯ ಮೀಮಾಂಸೆ ಬೇಕು ಎಂದು ಮರಾಠಿಯ ಶರಣಕುಮಾರ ಲಿಂಬಾಳೆ ವಾದಿಸಿದ್ದಾರೆ. ಬೇರೆ ಅಳತೆಗೋಲು ಬೇಕು ಎಂದರೆ ಅಳತೆಯೇ ಬೇಡ ಎಂದಲ್ಲ.

ಇನ್ನು ಮಾಡಬೇಕಾದ ಕೆಲಸ. ಓದುಗರ ಮಾತನ್ನು ಬರೆದಿಡುವಾಗ ‘ಹೀಗೆ ಅನುಭವಿಸಿದರು’ ಎಂದು ಬರೆಯಬಾರದು, ‘ಹೀಗೆ ವಾದಿಸಿದರು’ ಎಂದು ಬರೆಯಬೇಕು. ಯಾವ ಪುಟ, ಎದುರು ವಾದ ಏನು ಎಂಬುದೂ ಜೊತೆಗಿರಬೇಕು. ಪತ್ರಿಕೆಗಳು ಅದನ್ನು ‘ಓದುಗರ ಪತ್ರ’ದಲ್ಲಿ ಹಾಕದೆ ಲೇಖನಗಳ ಸಾಲಿನಲ್ಲಿ ಹಾಕಬೇಕು. ಪುಸ್ತಕದ ಬೆಲೆಯ ಮಾತೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಇದೆ. ಆ ದುಡ್ಡಿನಿಂದ ಯಾವ ಕಾದಂಬರಿ ಬರುತ್ತದೆ, ಎಷ್ಟು ಪ್ರತಿ ಬರುತ್ತದೆ ಎಂದು ಕೇಳುವುದೂ ಓದುಗರ ಹಕ್ಕು. ಕಮಲಾಪುರದವರು ಮುಂದಿನ ತಿಂಗಳಿಗೆ ‘ಚೋಮನ ದುಡಿ’ ಆರಿಸಿದ್ದಾರೆ. ‘ಬೆಳ್ಳಿ ಬರೋ ಪುಟ ಎಲ್ಲಾ ಗುರ್ತು ಹಾಕ್ಕೊಂಡು ಬಾ ತಂಗಿ, ಅವನ್ನ ಎರಡೆರಡು ಸಲ ಓದೂಣು’ ಎಂದು ಆ ಹಿರಿಯರು ಹೇಳಿ ಕಳಿಸಿದ್ದಾರೆ.