ಕರಿಕೋಟು ಕಳಚಿಟ್ಟ ಮೇಲೆ

ನಮ್ಮ ಮಾವನವರು ವಕೀಲಿ ಬಿಟ್ಟು ಮುಡಬಿಗೆ ಬಂದು ನೆಲೆಸಿದಾಗ ಅವರ ಜೊತೆ ಬಂದದ್ದು ಎರಡು ಕಬ್ಬಿಣದ ಟ್ರಂಕು, ಒಂದು ಆರಾಮ ಕುರ್ಚಿ, ಮೊಣಕೈ ಹತ್ತಿರ ಸವೆದು ಹೊಳಪು ಬಂದಿದ್ದ ಒಂದು ಕರಿಕೋಟು. ಟ್ರಂಕಿನ ಭಾರ ನೋಡಿ ಓಣಿಯ ಹೆಂಗಸರು, ‘ವಕೀಲರು ಬಂಗಾರ ತುಂಬಿಕೊಂಡು ಬಂದಾರ’ ಎಂದು ಮಾತಾಡಿಕೊಂಡರಂತೆ. ಒಳಗಿದ್ದದ್ದು ಬರೀ ಕಾಗದ. ನನಗೂ ಸ್ವಲ್ಪ ನಿರಾಸೆಯೇ ಆಯಿತೆನ್ನಿ!

ಅವರು ಹಳೆಯ ಹೈದರಾಬಾದ್ ಸಂಸ್ಥಾನದ ಕಾಲದವರು. ಆಗ ಬಸವಕಲ್ಯಾಣಕ್ಕೆ ಜನ ‘ಕಲ್ಯಾಣಿ’ ಎನ್ನುತ್ತಿದ್ದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠವೆಲ್ಲ ಉರ್ದುವಿನಲ್ಲೇ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿದಾಗ ಮಾವನವರು ಆಗಷ್ಟೇ ಕಲಿತು ಮುಗಿಸಿದ ಹುಡುಗ. ಕಲಿತ ಭಾಷೆ ಕೋರ್ಟಿನಿಂದ ಹಿಂದೆ ಸರಿಯಿತು, ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಒಡೆದು ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್ ಆಂಧ್ರಕ್ಕೂ, ನಾವು ಮೈಸೂರು ರಾಜ್ಯಕ್ಕೂ ಸೇರಿದೆವು. ಆಮೇಲೆ ಕೋರ್ಟಿನಲ್ಲಿ ಕನ್ನಡ ಕಾಗದಗಳೂ ಬರತೊಡಗಿದವು. “ನಾ ಮೂರು ಸಲ ಹೊಸದಾಗಿ ವಕೀಲ ಆದಾಂವ” ಎನ್ನುತ್ತಿದ್ದರು. ಕೊನೆಯವರೆಗೂ ಮನೆಯ ಕಿರಾಣಿ ಲೆಕ್ಕವನ್ನು ಬಲದಿಂದ ಎಡಕ್ಕೆ ಉರ್ದುವಿನಲ್ಲೇ ಬರೆದರು. ನನಗೆ ಅದನ್ನು ತಪಾಸಣೆ ಮಾಡುವ ಭಾಗ್ಯ ಸಿಗಲಿಲ್ಲ.

ಕೋರ್ಟಿನಲ್ಲಿ ಹುಲಿ ಎಂದು ಹೆಸರಿದ್ದ ಈ ಮನುಷ್ಯ ಮನೆಯಲ್ಲಿ ಎಂಥವರು ಗೊತ್ತೇ? ಅತ್ತೆಯವರಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸುತ್ತಿದ್ದವರು ಮಾವನವರೇ. ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ಭಜ್ಜಿಗೆ ಕಾಳು ಸುಲಿಯಲು, ಸೊಪ್ಪು ಸೋಸಲು ನಮ್ಮ ಜೊತೆ ನೆಲಕ್ಕೇ ಕೂಡುತ್ತಿದ್ದರು. ಮರುದಿನ ಸಜ್ಜೆ ರೊಟ್ಟಿ, ಅಂಬಲಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋದರೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಊಟಕ್ಕೆ ಕೂಡಿಸುತ್ತಿದ್ದರು. ರೊಟ್ಟಿ ಕಡಿಮೆ ಬಿದ್ದು ನಾನು ಕಣ್ಣು ಬಿಟ್ಟರೆ, “ಇರಲಿ ಬಿಡವ್ವಾ, ನಾ ಅಂಬಲಿ ಕುಡೀತೀನಿ” ಎಂದು ಪಾರಾಗುತ್ತಿದ್ದರು. ವಕೀಲರಲ್ಲವೇ!

ಅವರಿಗೆ ಕಲ್ಯಾಣದ ಬಗ್ಗೆ ಒಂದು ಹೆಮ್ಮೆ. ಎಲ್ಲರೂ ಬಸವಣ್ಣನವರ ಹೆಸರು ಹೇಳಿದರೆ ಇವರು ಅದರ ಜೊತೆಗೆ ವಿಜ್ಞಾನೇಶ್ವರನ ಹೆಸರನ್ನೂ ಸೇರಿಸುವರು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ, ಈಗ್ಗೆ ಒಂಬತ್ತು ನೂರು ವರ್ಷಗಳ ಹಿಂದೆ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ಪಂಡಿತ ಆತ. ಬಂಗಾಳ, ಅಸ್ಸಾಂ ಬಿಟ್ಟು ದೇಶದ ಬಹುಪಾಲು ಹಿಂದೂ ಮನೆಗಳ ಆಸ್ತಿ ಪಾಲಿಗೆ ಆ ಗ್ರಂಥವೇ ಬುನಾದಿ ಆಯಿತು. ಮಗ ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ಪಾಲುದಾರ ಎಂಬ ಮಾತು ಅದರದೇ. “ನಮ್ಮ ಕಲ್ಯಾಣದಾಗ ಕೂತು ಬರದದ್ದು ದೇಶದ ಕೋರ್ಟೆಲ್ಲಾ ಓದ್ಯಾವ” ಎಂದು ಹೇಳಿ, ಒಂದು ಗಳಿಗೆ ಬಿಟ್ಟು, “ಹೆಣ್ಣುಮಕ್ಕಳ ಸ್ತ್ರೀಧನದ ವಿಷಯದಾಗ ಆತನ ಕೈ ಬಾಳ ದೊಡ್ಡದಿತ್ತು. ಆದ್ರ ಹುಟ್ಟಿನ ಪಾಲು ಗಂಡುಮಕ್ಕಳಿಗಷ್ಟೇ ಉಳೀತು ನೋಡು” ಎನ್ನುವರು.

ಈ ಮಾತು ಸುಮ್ಮನೆ ಬರುತ್ತಿರಲಿಲ್ಲ ಎಂದು ನನಗೆ ತಿಳಿದದ್ದು 1994ರಲ್ಲಿ. ಆ ವರ್ಷ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾದವರಿಗೆ ಮಾತ್ರ ಅದು ದಕ್ಕುವಂತಿರಲಿಲ್ಲ. ಪತ್ರಿಕೆ ಓದಿ ಮಡಚಿಟ್ಟ ಮಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಟ್ರಂಕು ತೆರೆದು ಒಂದು ಹಳದಿಯಾದ ಛಾಪಾ ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಹಕ್ಕು ಬಿಡುಗಡೆ ಪತ್ರ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಅದು ಅವರ ತಂಗಿಯದು. ಪತ್ರ ಬರೆದವರು ಸ್ವತಃ ಮಾವನವರೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ತಂದೆ ಮರಣಪತ್ರ ಬರೆಯದೆ ತೀರಿಕೊಂಡರೆ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕು. ನಮ್ಮ ಅಜ್ಜ ತೀರಿಕೊಂಡದ್ದು ಆ ನಂತರವೇ. ತಂಗಿಯ ಹಕ್ಕನ್ನು ಬಿಡಿಸಿಕೊಳ್ಳಲು ಅಣ್ಣ ಪತ್ರ ಬರೆದರು. ಪಂಚಮಿಗೆ ತವರಿಗೆ ಬಂದ ತಂಗಿ, ಏನು ಬರೆದಿದೆ ಎಂದು ಕೇಳದೆ ಹೆಬ್ಬೆಟ್ಟು ಒತ್ತಿದರು. ಅಣ್ಣ ಸೀರೆ ಕುಪ್ಪಸ ಕೊಟ್ಟು ಕಳಿಸಿದರು. ಮುಂದೆ ಆಕೆಗೆ ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಒಬ್ಬಳೇ ಮಗಳನ್ನು ಇಟ್ಟುಕೊಂಡು ಹುಮನಾಬಾದಿನಲ್ಲಿ ಹಪ್ಪಳ ಸಂಡಿಗೆ ಮಾರಿ ಬದುಕಿದರು. ತವರಿಗೆ ಒಂದು ದಿನವೂ ಕೈಚಾಚಲಿಲ್ಲ.

“ಇಂಥಾ ಪತ್ರ ನೂರಾರು ಬರದೀನಿ ಅವ್ವಾ. ಕಾಯ್ದೆ ಪ್ರಕಾರ ಎಲ್ಲಾ ಬರೋಬ್ಬರಿ. ಇದೊಂದು ಮಾತ್ರ ನಿದ್ದಿ ಕೊಡೂದಿಲ್ಲ” ಎಂದರು. ತಾವು ಫೀಸಿನ ಹಣದಿಂದ ಕೊಂಡಿದ್ದ ನಾಲ್ಕೆಕರೆ ತೊಗರಿ ಹೊಲವನ್ನು ತಂಗಿಗೆ ದಾನಪತ್ರ ಮಾಡಿಕೊಡಬೇಕೆಂದು ನಿಶ್ಚಯಿಸಿದ್ದರು. ಹಿರಿಯರಿಂದ ಬಂದ ಹೊಲವಾಗಿದ್ದರೆ ಮಗನ ಪಾಲೂ ಅದರಲ್ಲಿ ಸೇರಿರುತ್ತಿತ್ತು. ಇದು ಸ್ವಯಾರ್ಜಿತ, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿ ಕೇಳಿದರು.

ಸುಳ್ಳು ಯಾಕೆ ಹೇಳಲಿ? ನನಗೆ ಹಿಡಿಸಲಿಲ್ಲ. ಆ ಹೊಲದ ಮೇಲೆ ಮಗಳ ಓದು, ಮನೆಯ ಮಾಳಿಗೆ ರಿಪೇರಿ ಎಲ್ಲ ಲೆಕ್ಕ ಹಾಕಿಟ್ಟಿದ್ದೆ. ನಮ್ಮ ಯಜಮಾನರಂತೂ ಎದ್ದು ಹೊರಗೆ ಹೋಗಿ ತಿಂಗಳುಗಟ್ಟಲೆ ತಂದೆಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮಾವನವರು ಜಗಳಾಡಲಿಲ್ಲ. ಒಂದು ಸಂಜೆ ನನ್ನನ್ನು ಮಾತ್ರ ಕೇಳಿದರು: “ನಿನ್ನ ತವರಿನ್ಯಾಗ ನಿನ್ನ ಕಡೆ ಸಹಿ ಮಾಡಿಸ್ಕೊಂಡಾರೇನು?” ಮಾಡಿಸಿಕೊಂಡಿದ್ದರು. ಮದುವೆಯಾದ ಎರಡನೆಯ ವರ್ಷ. ನಾನೂ ಓದಿ ನೋಡಿರಲಿಲ್ಲ. ಆ ರಾತ್ರಿ ರೊಟ್ಟಿ ಬಡಿಯುತ್ತ ಅದನ್ನೇ ನೆನೆದೆ. ಮರುದಿನ ಯಜಮಾನರಿಗೆ, “ಅಪ್ಪಾರು ಹೇಳಿದಂಗ ಆಗ್ಲಿ” ಎಂದೆ. ಅವರಿಗೆ ನನ್ನ ಮೇಲೂ ಸಿಟ್ಟು ಬಂತು, ಆದರೆ ಸಾಕ್ಷಿ ಸಹಿ ಹಾಕುವ ದಿನ ತಾವೇ ಅಂಗಿ ತೊಟ್ಟು ಹೊರಟರು.

ದಾನಪತ್ರಕ್ಕೆ ನೋಂದಣಿ ಬೇಕು, ಇಬ್ಬರು ಸಾಕ್ಷಿ ಬೇಕು, ಕೊಡುವವರು ಬದುಕಿರುವಾಗಲೇ ತೆಗೆದುಕೊಳ್ಳುವವರು ಒಪ್ಪಬೇಕು. ಕಷ್ಟವಾದದ್ದು ಈ ಒಪ್ಪಿಗೆಯೇ. “ಹೊಲ ತಗೊಂಡ್ರ ತವರಿನ ಬಾಗಲಾ ಮುಚ್ಚತದ ಅಣ್ಣಾ” ಎಂದು ಆಕೆ ಅತ್ತರು. ಕಡೆಗೆ ಮಾವನವರು, “ಪಂಚಮಿಗೆ ನಾನೇ ಬಂದು ಕರಕೊಂಡು ಹೋಗ್ತೀನಿ, ಬರೀಲೇನು ಅದನ್ನೂ ಕಾಗದದ ಮ್ಯಾಲ?” ಎಂದಾಗ ನಕ್ಕು ಒಪ್ಪಿದರು.

ಅಂದಿನಿಂದ ಊರ ಹೆಣ್ಣುಮಕ್ಕಳು ಯಾರು ಕಾಗದ ಹಿಡಿದು ಬಂದರೂ ಮಾವನವರು ಪೂರ್ತಿ ಓದಿ ಹೇಳುತ್ತಿದ್ದರು. ಫೀಸು ಇಲ್ಲ, ಚಹಾ ಮಾತ್ರ. ಅದನ್ನು ಮಾಡುವವಳು ನಾನು! ಹೆಬ್ಬೆಟ್ಟು ಒತ್ತುವ ಮೊದಲು ಸರ್ವೆ ನಂಬರು, ಎಕರೆ, ‘ಬಿಟ್ಟುಕೊಟ್ಟಿದ್ದೇನೆ’ ಎಂಬ ಶಬ್ದ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಬೇಕು, ಒಂದು ಪ್ರತಿ ಕೈಯಲ್ಲಿ ಇಟ್ಟುಕೊಳ್ಳಬೇಕು ಎಂದು ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ. ಈಗಂತೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಹೆಣ್ಣುಮಗಳಾದರೆ ಆದಾಯ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರ ನೆರವು ಕೊಡುತ್ತಾರೆ.

2005ರ ಸೆಪ್ಟೆಂಬರ್ 9ರಿಂದ ಮದುವೆಯಾದ ಮಗಳಿಗೂ ಮಗನಷ್ಟೇ ಪಾಲು ಎಂದಾಯಿತು. ಅಂದು ತಂದೆ ಬದುಕಿರದಿದ್ದರೂ ಹಕ್ಕು ತಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿಯೋ ಕೋರ್ಟಿನ ಮೂಲಕವೋ ಮುಗಿದ ಪಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಇದನ್ನೆಲ್ಲ ನೋಡಲು ಮಾವನವರು ಇರಲಿಲ್ಲ. ಇದ್ದಿದ್ದರೆ ವಿಜ್ಞಾನೇಶ್ವರನಿಗೆ ಒಂದು ಅರ್ಜಿ ಬರೆಯುತ್ತಿದ್ದರೇನೋ.

ಅವರು ಹೋದ ವರ್ಷದ ಪಂಚಮಿಗೆ ಅತ್ತೆಯನ್ನು ಕರೆತರಲು ನಮ್ಮ ಯಜಮಾನರೇ ಹುಮನಾಬಾದಿಗೆ ಹೋದರು. ಆಕೆ ಬಸ್ಸಿನಿಂದ ಇಳಿದವರೇ ಒಂದು ಗಂಟು ನನ್ನ ಕೈಗಿಟ್ಟರು. ಬಿಚ್ಚಿದರೆ ತೊಗರಿಬೇಳೆ.

“ನನ್ನ ಹೊಲದ್ದು. ಹೋಳಿಗಿ ಇದರಾಗೇ ಮಾಡವ್ವಾ” ಎಂದರು. ಗೂಟಕ್ಕೆ ತೂಗುಹಾಕಿದ್ದ ಕರಿಕೋಟಿನ ಧೂಳನ್ನು ಸೆರಗಿನಿಂದ ಒರೆಸಿ, ಒಲೆಯ ಮುಂದೆ ಬಂದು ಕೂತರು.