‘ಸರ್, ಹಂಗಾದ್ರ ನಿಪ್ಪಾಣಿ ಯಾರದ್ರಿ?’

‘ಮಹಾಜನ ವರದಿಯೇ ಅಂತಿಮ.’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನಾದ್ರೂ ನಡುರಾತ್ರಿ ಎಬ್ಬಿಸಿ ಕೇಳಿ, ಈ ಒಂದು ವಾಕ್ಯ ತಪ್ಪದೆ ಹೇಳ್ತಾರೆ. ಆ ವರದಿ ನಿಪ್ಪಾಣಿ ಬಗ್ಗೆ ಏನು ಹೇಳಿದೆ ಅಂತ ಕೇಳಿದ್ರೆ ಮಾತ್ರ ಹೆಚ್ಚಿನವರು ಸುಮ್ಮನಾಗ್ತಾರೆ.

ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವನ್ನು ಕೇಂದ್ರ ಸರ್ಕಾರ ನೇಮಿಸಿದ್ದು 1966ರ ಅಕ್ಟೋಬರ್‌ನಲ್ಲಿ. ವರದಿ ಬಂದದ್ದು 1967ರಲ್ಲಿ. ಬೆಳಗಾವಿ ಇಲ್ಲೇ ಇರಲಿ ಅಂತ ಅದು ಹೇಳಿತು, ಇದು ಎಲ್ಲರಿಗೂ ಗೊತ್ತು. ಅದರ ಜೊತೆಗೇ 264 ಊರು ಮಹಾರಾಷ್ಟ್ರಕ್ಕೆ ಹೋಗಲಿ, 247 ಊರು ಈ ಕಡೆ ಬರಲಿ ಅಂತಲೂ ಹೇಳಿತು. ಬರೋ ಪಟ್ಟಿಯಲ್ಲಿ ಅಕ್ಕಲಕೋಟೆ ಇದೆ, ದಕ್ಷಿಣ ಸೊಲ್ಲಾಪುರ ಇದೆ. ಹೋಗೋ ಪಟ್ಟಿಯಲ್ಲಿ ಖಾನಾಪುರ, ನಂದಗಡ, ಮತ್ತೆ ನಿಪ್ಪಾಣಿ! ಬೆಳಗಾವಿ ಸಿಗಲಿಲ್ಲ ಅಂತ ಮಹಾರಾಷ್ಟ್ರ ವರದಿಯನ್ನೇ ಒಪ್ಪಲಿಲ್ಲ, ಜಾರಿಯೂ ಆಗಲಿಲ್ಲ. 2004ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು.

ಈ ಪೂರ್ತಿ ಪಟ್ಟಿಯನ್ನು ನಾನು ಮೊದಲು ನೋಡಿದ್ದು ಇಂಟರ್ನೆಟ್ಟಿನಲ್ಲಿ ಅಲ್ಲ, ಹೈಸ್ಕೂಲಿನ ಕಪ್ಪು ಹಲಗೆ ಮೇಲೆ. ಶಾಲೆ ಯಾವುದು ಅನ್ನೋದು ಬೇಡ. ಚಿಕ್ಕೋಡಿಯಿಂದ ನಿಪ್ಪಾಣಿ ಕಡೆ ಹೋಗೋ ದಾರಿಯಲ್ಲಿದೆ ಅಂದ್ರೆ ಸಾಕು. ಕ್ಲಾಸಿನ ಅರ್ಧದಷ್ಟು ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡ್ತಿದ್ದರು. ಸಮಾಜ ವಿಜ್ಞಾನದ ಮಾಸ್ತರು ಏಕೀಕರಣದ ಪಾಠ ಮುಗಿಸಿ, ಪುಸ್ತಕ ಮುಚ್ಚಿಟ್ಟು, ಎರಡೂ ಪಟ್ಟಿಯನ್ನು ಹಲಗೆ ಮೇಲೆ ಬರೆದರು. ಆಗ ಹಿಂದಿನ ಬೆಂಚಿನಿಂದ ಒಬ್ಬ ಕೇಳೇಬಿಟ್ಟ: “ಸರ್, ವರದಿ ಅಂತಿಮ ಅಂದ್ರ, ಹಂಗಾದ್ರ ನಿಪ್ಪಾಣಿ ಯಾರದ್ರಿ?”

ಮಾಸ್ತರು ಉತ್ತರ ಹೇಳಲಿಲ್ಲ. ಕ್ಲಾಸನ್ನು ಎರಡು ಮಾಡಿದರು. ಮನೆಯಲ್ಲಿ ಮರಾಠಿ ಮಾತಾಡೋರು ಕರ್ನಾಟಕದ ಪರ ವಾದ ಮಾಡಬೇಕು, ಕನ್ನಡದವರು ಮಹಾರಾಷ್ಟ್ರದ ಪರ. ಎರಡು ಪೀರಿಯಡ್ ಗದ್ದಲ. ಕನ್ನಡದ ಹುಡುಗರು ‘ಕೊಲ್ಹಾಪುರ ನಲವತ್ತು ಕಿಲೋಮೀಟರ್, ಬೆಳಗಾವಿ ಹೆಚ್ಚುಕಮ್ಮಿ ಅದರ ಎರಡು ಪಟ್ಟು, ದವಾಖಾನಿಗೆ ಎಲ್ಲಿ ಹೋಗಬೇಕ್ರಿ’ ಅಂತ ಜೋರು ಮಾಡಿದರು. ಮರಾಠಿ ಮನೆಯ ಒಬ್ಬಳು, ಗಡಿ ಅಂದ್ರೆ ಬರೀ ಭಾಷೆ ಅಲ್ಲ, ಕಾಲುವೆ ನೀರು, ಉತಾರ, ಕೋರ್ಟು ಎಲ್ಲಾ ಇಲ್ಲೇ ಐತಿ ಅಂದಳು.

ಕಡೆಗೆ ಯಾರೋ ಕೇಳಿದರು, “ನಿಮ್ಮ ಅಭಿಪ್ರಾಯ ಏನ್ರಿ ಸರ್?”

“ಹೇಳ್ತೀನಿ. ಆದ್ರ ಇದು ಪರೀಕ್ಷಾದಾಗ ಬರೂದಿಲ್ಲ” ಅಂದರು. ನಿಪ್ಪಾಣಿ ಕರ್ನಾಟಕದಲ್ಲೇ ಇರಬೇಕು ಅನ್ನೋದು ಅವರ ಅಭಿಪ್ರಾಯ. ಅದಕ್ಕೆ ಎರಡು ಕಾರಣ ಕೊಟ್ಟು, ಮೂರನೇದಾಗಿ ಇದನ್ನೂ ಸೇರಿಸಿದರು: “ನನ್ನ ಹೊಲ ಇಲ್ಲೇ ಐತಿ, ಪಗಾರ ಈ ಸರ್ಕಾರದ್ದು. ಅದಕ್ಕ ನನ್ನ ಮಾತು ಸ್ವಲ್ಪ ಸೋಸಿ ತಗೊಳ್ರಿ.”

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಯೂನಿಟ್ ಟೆಸ್ಟಿನಲ್ಲಿ ಗಡಿ ವಿವಾದದ ಮೇಲೆ ಐದು ಅಂಕದ ಪ್ರಶ್ನೆ ಬಂತು. ಹಿಂದಿನ ಬೆಂಚಿನ ಆ ಹುಡುಗ ಮಾಸ್ತರ ಅಭಿಪ್ರಾಯಕ್ಕೆ ಪೂರ್ತಿ ಉಲ್ಟಾ ಬರೆದ, ಕಾರಣ ಸಮೇತ. ಐದಕ್ಕೆ ಐದು ಬಂತು. ಆ ಪೇಪರ್ ಇಡೀ ಕ್ಲಾಸಿನಲ್ಲಿ ಕೈಯಿಂದ ಕೈಗೆ ಓಡಾಡಿತು.

ಅದೇ ಶಾಲೆಯಲ್ಲಿ ‘ರಾಜಕೀಯ ನನಗ ಬ್ಯಾಡಪ್ಪ’ ಅನ್ನೋ ಇನ್ನೊಬ್ಬರು ಇದ್ದರು. ಪಕ್ಷ, ನಾಯಕ ಅಂತ ಒಂದು ಮಾತೂ ಅವರ ಬಾಯಿಂದ ಬಂದದ್ದಿಲ್ಲ. ಆದ್ರೆ ಬೆಳಗಾವಿಯಲ್ಲಿ ಬಸ್ಸಿಗೆ ಕಲ್ಲು ಬಿದ್ದ ಮರುದಿನ ಮರಾಠಿ ಹುಡುಗರ ಕಡೆ ತಿರುಗಿ “ನಿಮ್ಮವರು ಏನ್ ಮಾಡ್ಯಾರ ನೋಡ್ರಿ” ಅನ್ನೋರು. ರಾಜ್ಯೋತ್ಸವದ ದಿನ ಬಾವುಟ ಹಿಡಿಯೋಕೆ ಯಾರನ್ನು ಕರೀತಿದ್ದರು, ಯಾರನ್ನು ಯಾವತ್ತೂ ಕರೀತಿರಲಿಲ್ಲ ಅನ್ನೋದು ನಮಗೆಲ್ಲಾ ಗೊತ್ತಿತ್ತು. ಇವರಿಬ್ಬರಲ್ಲಿ ರಾಜಕೀಯ ಅಭಿಪ್ರಾಯ ಹೇಳಿದ ಶಿಕ್ಷಕ ಯಾರು, ಹೇಳದವರು ಯಾರು?

ಶಿಕ್ಷಕರು ತಮ್ಮ ರಾಜಕೀಯ ನಿಲುವು ಮಕ್ಕಳ ಮುಂದೆ ಹೇಳಬೇಕಾ ಬೇಡವಾ ಅಂತ ಚರ್ಚೆ ಬಂದಾಗಲೆಲ್ಲ ನನಗೆ ಇವರಿಬ್ಬರೂ ನೆನಪಾಗ್ತಾರೆ. ಮೈಸೂರಿನಲ್ಲೋ ತುಮಕೂರಿನಲ್ಲೋ ‘ಬೇಡ, ಪಾಠ ಮಾಡಿ ಸಾಕು’ ಅನ್ನೋದು ಸುಲಭ. ನಮ್ಮ ಕಡೆ ಪಾಠವೇ ಒಂದು ನಿಲುವು. ನಿಪ್ಪಾಣಿಯ ಮಗು ಕರ್ನಾಟಕ ಏಕೀಕರಣ ಓದತ್ತೆ. ಹತ್ತಿರದಲ್ಲೇ ಇರೋ ಕಾಗಲ್‌ನ ಮಗು ಸಂಯುಕ್ತ ಮಹಾರಾಷ್ಟ್ರ ಚಳವಳಿ ಓದತ್ತೆ. ಎರಡೂ ನಿಜ, ಎರಡೂ ಅರ್ಧ. ನಿಪ್ಪಾಣಿ ಮಕ್ಕಳು ಹೋಗೋ ದೇವಚಂದ ಕಾಲೇಜು ಊರಿಗೆ ಅಂಟಿಕೊಂಡಂತೆಯೇ ಇದೆ, ಆದ್ರೆ ಅದರ ಅರ್ಜುನನಗರ ಕಾಗಲ್ ತಾಲೂಕಿನದು, ಅಂದ್ರೆ ಮಹಾರಾಷ್ಟ್ರ. ಕ್ಲಾಸಿಗೆ ಹೋಗೋಕೇ ರಾಜ್ಯ ದಾಟಬೇಕಾದ ಮಕ್ಕಳಿಗೆ ‘ಇದು ಸೂಕ್ಷ್ಮ ವಿಷಯ, ಬೇಡ’ ಅಂದ್ರೆ ಅವರು ನಗ್ತಾರೆ.

2022ರ ಡಿಸೆಂಬರ್ ನೆನಪಿದೆಯಲ್ಲ? ಬಸ್ಸುಗಳಿಗೆ ಕಲ್ಲು, ಮಸಿ, ಎರಡೂ ರಾಜ್ಯಗಳ ನಡುವೆ ಬಸ್ ಬಂದ್. ಆ ತಿಂಗಳ ಕೊನೆಗೆ ಎರಡೂ ಕಡೆಯ ವಿಧಾನಮಂಡಲಗಳು ಒಂದರ ವಿರುದ್ಧ ಒಂದು ನಿರ್ಣಯ ಮಾಡಿದವು. ಮಹಾರಾಷ್ಟ್ರದ್ದು 865 ಊರು ತನ್ನವು ಅಂತ, ನಮ್ಮದು ಒಂದಿಂಚೂ ಬಿಡಲ್ಲ ಅಂತ. ನನ್ನ ಸೋದರಮಾವನ ಮಗಳು ಆಗ ಪಿಯುಸಿ. ಬಸ್ ಇಲ್ಲದೆ ಎರಡು ದಿನ ಮನೆಯಲ್ಲಿ ಕೂತಳು. ಕಾಲೇಜಿಗೆ ವಾಪಸ್ ಹೋದಾಗ ಯಾವ ಲೆಕ್ಚರರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲವಂತೆ. “ಹಂಗಾದ್ರ ನಿನಗ ವಿಷಯ ಹೆಂಗ ಗೊತ್ತಾತು?” ಅಂದೆ. “ಸ್ಟೇಟಸ್ ನೋಡಿ, ಅಣ್ಣಾ” ಅಂದಳು. ವಾಟ್ಸಾಪ್ ಸ್ಟೇಟಸ್. ಅಲ್ಲಿ ಮೂವತ್ತು ಸೆಕೆಂಡಿನಲ್ಲಿ ಒಬ್ಬ ಖಳನಾಯಕ ಸಿಕ್ಕಿಬಿಡ್ತಾನೆ.

ಹಾಗಂತ ಮಾಸ್ತರುಗಳನ್ನು ಬೈಯೋದು ನ್ಯಾಯ ಅಲ್ಲ. ಬಾಯಿ ಬಿಟ್ಟರೆ ಏನಾಗತ್ತೆ ಅಂತ ಅವರಿಗೆ ಗೊತ್ತು. ಕರ್ನಾಟಕದ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರ ಪಕ್ಷದ ಸದಸ್ಯ ಆಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಹೊಸ ಸರ್ಕಾರದ ಉಚಿತ ಯೋಜನೆ ಮತ್ತು ರಾಜ್ಯದ ಸಾಲದ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಬರೆದು ಅಮಾನತಾದರು. ಮೊದಲ ಎರಡು ನಿಯಮಕ್ಕೆ ನನ್ನ ತಕರಾರಿಲ್ಲ. ಮೂರನೇದರಲ್ಲಿ ಒಂದು ತಮಾಷೆ ಇದೆ: ಅದೇ ಸರ್ಕಾರವನ್ನು ಹೊಗಳಿ ಬರೆದಿದ್ದರೆ ಯಾರೂ ಕೇಳ್ತಿರಲಿಲ್ಲ. ಹೊಗಳೋದೂ ರಾಜಕೀಯ ಅಭಿಪ್ರಾಯವೇ ಅಲ್ವಾ?

ಖಾಸಗಿಯಲ್ಲಿ ಬೇರೆ ಥರ ಇರತ್ತೆ ಅಂದುಕೊಳ್ಳಬೇಡಿ. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅನ್‌ಅಕಾಡೆಮಿ ಕಂಪನಿ ತನ್ನ ಕಾನೂನು ಶಿಕ್ಷಕರೊಬ್ಬರನ್ನು ಕೆಲಸದಿಂದ ತೆಗೀತು. ಮುಂದಿನ ಸಲ ಓದಿದವರಿಗೆ ವೋಟ್ ಹಾಕಿ ಅಂತ ಅವರು ಆನ್‌ಲೈನ್ ಪಾಠದಲ್ಲಿ ಹೇಳಿದ್ದರು. ತರಗತಿ ವೈಯಕ್ತಿಕ ಅಭಿಪ್ರಾಯ ಹಂಚಿಕೊಳ್ಳೋ ಜಾಗ ಅಲ್ಲ ಅನ್ನೋದು ಕಂಪನಿಯ ಮಾತು. ಬೀದರಿನ ಶಾಹೀನ್ ಶಾಲೆಯಲ್ಲಿ 2020ರಲ್ಲಿ ಪೌರತ್ವ ಕಾಯ್ದೆ ಬಗ್ಗೆ ಮಕ್ಕಳು ನಾಟಕ ಆಡಿದ್ದಕ್ಕೆ ರಾಜದ್ರೋಹದ ಕೇಸಾಯ್ತು, ಮುಖ್ಯ ಶಿಕ್ಷಕಿ ಮತ್ತು ಒಬ್ಬ ತಾಯಿ ಜೈಲಿಗೆ ಹೋದರು. 2023ರಲ್ಲಿ ಹೈಕೋರ್ಟ್ ಕೇಸು ರದ್ದು ಮಾಡಿತು. ಆದ್ರೆ ಚಾಲ್ತಿ ರಾಜಕೀಯ ವಿಷಯಗಳಿಂದ ಎಳೆಯ ಮನಸ್ಸು ಕೆಡತ್ತೆ ಅನ್ನೋ ಅರ್ಥದ ಕಿವಿಮಾತನ್ನೂ ಶಾಲೆಗಳಿಗೆ ಹೇಳಿತು.

ಇಷ್ಟೆಲ್ಲಾ ಎಚ್ಚರಿಕೆ ಕೊಡೋ ವ್ಯವಸ್ಥೆಯೇ ಶಿಕ್ಷಕರಿಗೆ ಬೇರೆ ಯಾರಿಗೂ ಇಲ್ಲದ ರಾಜಕೀಯ ಸ್ಥಾನವನ್ನೂ ಕೊಟ್ಟಿದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಸಾಫ್ಟ್‌ವೇರ್‌ನವರಿಗೆ ಅಂತ ಒಂದೂ ಇಲ್ಲ, ನೆನಪಿರಲಿ! ವಾಯವ್ಯ ಶಿಕ್ಷಕರ ಕ್ಷೇತ್ರದಿಂದ 2022ರ ಜೂನ್‌ನಲ್ಲಿ ಗೆದ್ದದ್ದು ನಮ್ಮ ಯಕ್ಸಂಬಾದ ಪ್ರಕಾಶ ಹುಕ್ಕೇರಿ. ಮತದಾರರು ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನ ಶಿಕ್ಷಕರಾದ್ದರಿಂದ ಪ್ರಚಾರ ನಡೆಯೋದು ಸ್ಟಾಫ್‌ರೂಮಿನಲ್ಲೇ. ಕಾರು ಬಂದು ನಿಲ್ಲೋದು, ಶಾಲು ಹಾಕೋದು, ಎಲ್ಲವನ್ನೂ ಮಕ್ಕಳು ಕಿಟಕಿಯಿಂದ ನೋಡ್ತಾರೆ. ಯಾವ ಸರ್ ಯಾವ ಕಡೆ ಅಂತ ಅವರಿಗೆ ಪಕ್ಕಾ ಗೊತ್ತಿರತ್ತೆ. ತುಂಬಾ ಹಿಂದೆ ಹೋಗಬೇಕಾದ್ರೆ, 1981ರ ನಿಪ್ಪಾಣಿ ತಂಬಾಕು ರೈತರ ಹೋರಾಟ ಇದೆ. ಹೆದ್ದಾರಿ ತಡೆದು ಕೂತ ರೈತರ ಮೇಲೆ ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಶರದ್ ಜೋಶಿ ಅವರ ಜೊತೆ ಆ ಹೋರಾಟದಲ್ಲಿ ನಿಂತವರಲ್ಲಿ ಪ್ರೊ. ಸುಭಾಷ ಜೋಶಿ ಒಬ್ಬರು. ಮುಂದೆ ಅವರು ಶಾಸಕರೂ ಆದರು. ಅಂಥ ಪ್ರಾಧ್ಯಾಪಕರ ನಿಲುವು ಏನು ಅಂತ ವಿದ್ಯಾರ್ಥಿಗಳು ಕೇಳಿ ತಿಳ್ಕೋಬೇಕಿತ್ತಾ?

ಹಾಗಾಗಿ ಹೇಳಬೇಕಾ ಮುಚ್ಚಿಡಬೇಕಾ ಅನ್ನೋ ಪ್ರಶ್ನೆಯೇ ನನಗೆ ಅಷ್ಟು ಸರಿ ಕಾಣಲ್ಲ. ಯಾವಾಗ ಹೇಳೋದು, ಒಪ್ಪದ ಹುಡುಗನಿಗೆ ಅದರಿಂದ ಏನು ನಷ್ಟ ಅನ್ನೋದೇ ಮುಖ್ಯ.

‘ಯಾವಾಗ’ ಅನ್ನೋದು ನಮ್ಮ ಆಫೀಸಿನವರಿಗೆ ಬೇಗ ಅರ್ಥ ಆಗತ್ತೆ. ಒಂದು ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಅಂದಾಜು ಮಾಡುವಾಗ ಪ್ಲಾನಿಂಗ್ ಪೋಕರ್ ಆಡ್ತೀವಲ್ಲ, ಎಲ್ಲರೂ ಒಟ್ಟಿಗೇ ಕಾರ್ಡ್ ತೋರಿಸೋದು. ಯಾಕೆ? ಲೀಡ್ ಮೊದಲೇ ‘ಮೂರು ದಿನ’ ಅಂದುಬಿಟ್ಟರೆ ಫ್ರೆಶರ್‌ಗಳ ಬಾಯಲ್ಲಿ ಎಂಟು ಅಂತ ಬರೋದೇ ಇಲ್ಲ. ಲೀಡ್‌ಗೆ ಅಭಿಪ್ರಾಯ ಇರಬಾರದು ಅಂತಲ್ಲ, ಕಾರ್ಡ್ ಕೊನೆಗೆ ತೋರಿಸಲಿ ಅಂತ. ನಮ್ಮ ಮಾಸ್ತರು ಮಾಡಿದ್ದೂ ಅದನ್ನೇ. ಎರಡು ಪೀರಿಯಡ್ ಕಾದು, ಕೇಳಿದ ಮೇಲೆ ಹೇಳಿದರು.

ಜರ್ಮನಿಯಲ್ಲಿ ಇದಕ್ಕೆ ಸುಮಾರು ಐವತ್ತು ವರ್ಷದ ಹಳೇ ಒಪ್ಪಂದವೇ ಇದೆ. 1976ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಬಾಯ್ಟೆಲ್ಸ್‌ಬಾಖ್ ಅನ್ನೋ ಊರಲ್ಲಿ ಎಡದವರು, ಬಲದವರು ಕೂತು ಮಾತಾಡಿ ಮೂರು ವಿಷಯಕ್ಕೆ ಬಂದು ನಿಂತರು. ಮಗುವಿನ ಮೇಲೆ ಅಭಿಪ್ರಾಯ ಹೇರಬಾರದು. ಹೊರಗೆ ಜಗಳ ಇರೋ ವಿಷಯವನ್ನು ಕ್ಲಾಸಿನಲ್ಲೂ ಜಗಳ ಇರೋ ವಿಷಯ ಅಂತಲೇ ತೋರಿಸಬೇಕು. ಮಗು ತನ್ನ ಹಿತ ಎಲ್ಲಿದೆ ಅಂತ ತಾನೇ ಯೋಚಿಸೋ ಹಾಗಾಗಬೇಕು. ನಾಜಿ ಕಾಲದ ಶಾಲೆಗಳನ್ನು ಕಂಡಿದ್ದ ದೇಶ ಅದು, ಆದ್ರೂ ಶಿಕ್ಷಕ ಬಾಯಿಗೆ ಬೀಗ ಹಾಕ್ಕೋಬೇಕು ಅಂತ ಬರೆಯಲಿಲ್ಲ.

ಇನ್ನು ನಷ್ಟದ ಮಾತು. ಎಸ್ಎಸ್ಎಲ್‌ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 20 ಅಂಕ ಶಾಲೆಯ ಕೈಯಲ್ಲಿದೆ. ಈಗ ಪಿಯುಸಿಯಲ್ಲೂ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೆ 20 ಆಂತರಿಕ ಅಂಕ. ಆ ಇಪ್ಪತ್ತು ಕೈಯಲ್ಲಿ ಹಿಡಿದವರು ‘ನನಗ ಹಿಂಗ ಅನಸ್ತದ’ ಅಂದ್ರೆ ಅದು ಬರೀ ಅಭಿಪ್ರಾಯ ಆಗಿ ಉಳಿಯಲ್ಲ. ಉಲ್ಟಾ ಬರೆದ ಹುಡುಗನಿಗೆ ಐದಕ್ಕೆ ಐದು ಕೊಡೋ ಧೈರ್ಯ ಇಲ್ಲದವರು ಸುಮ್ಮನಿರೋದೇ ವಾಸಿ. ನಾಲ್ಕನೇ ಕ್ಲಾಸಿನ ಮಗುವಿನ ಮುಂದಂತೂ ಬೇಡವೇ ಬೇಡ. ಆ ವಯಸ್ಸಿಗೆ ಟೀಚರ್ ಹೇಳಿದ್ದು ದೇವರು ಹೇಳಿದ ಹಾಗೆ. ‘ಇಂಥವರಿಗೆ ವೋಟ್ ಹಾಕಿ’ ಅನ್ನೋದು ಯಾವ ಕ್ಲಾಸಿನಲ್ಲೂ ಬೇಡ.

ನಮ್ಮ ಅಪ್ಪ ಇದನ್ನು ಒಪ್ಪಲ್ಲ. “ಒಬ್ಬ ಒಳ್ಳೆ ಮಾಸ್ತರ ನೋಡಿ ನೀ ಮಾತಾಡಾಕತ್ತಿ. ಉಳಿದವರು ಪಾಂಪ್ಲೆಟ್ ಹಂಚ್ತಾರಪ್ಪ” ಅಂತಾರೆ. ಅವರ ಮಾತಿನಲ್ಲಿ ತೂಕ ಇದೆ. ಸಕ್ಕರೆ ಕಾರ್ಖಾನೆ, ಸೊಸೈಟಿ, ಶಿಕ್ಷಣ ಸಂಸ್ಥೆ, ಟಿಕೆಟ್ ಎಲ್ಲವೂ ಒಂದೇ ಮನೆಯ ಅಂಗಳದಲ್ಲಿ ಇರೋದು ನಮ್ಮ ಕಡೆ ಅಪರೂಪ ಅಲ್ಲ. ಅಂಥ ಕಡೆ ಕೆಲಸ ಮಾಡೋ ಗೆಳೆಯನೊಬ್ಬ ಚುನಾವಣೆ ಬಂತು ಅಂದ್ರೆ ಸಂಜೆ ಕಾಲೇಜಿನಿಂದ ನೇರ ಪ್ರಚಾರಕ್ಕೆ ಹೋಗಬೇಕು. ಆದ್ರೆ ಅವನು ಹಂಚೋದು ತನ್ನ ಅಭಿಪ್ರಾಯವನ್ನಲ್ಲ, ಮಾಲೀಕರದ್ದನ್ನು. ತನ್ನದೇನು ಅಂತ ಕೇಳಿದ್ರೆ ಅವನು ಇವತ್ತಿಗೂ ಹೇಳಲ್ಲ.

ಅಕ್ಕನ ಗಂಡ ರಾಯಬಾಗ ತಾಲೂಕಿನಲ್ಲಿ ಹೈಸ್ಕೂಲ್ ಮಾಸ್ತರು, ಕಲಿಸೋದು ಸಮಾಜ ವಿಜ್ಞಾನವೇ. (ಚಿಕ್ಕೋಡಿ ಜಿಲ್ಲೆ ಆಗಲಿ ಅಂತ ವರ್ಷಗಟ್ಟಲೆ ಕೂಗು ಇದೆ. ಶಿಕ್ಷಣ ಇಲಾಖೆ ಲೆಕ್ಕದಲ್ಲಿ ಅದು ಈಗಾಗಲೇ ಜಿಲ್ಲೆ. ಆ ಇಲಾಖೆಗೊಂದು ಸಲಾಂ.) ಈ ಲೇಖನದ ಕರಡು ಅವರಿಗೆ ಕಳಿಸಿದ್ದೆ. ಓದಿ ಫೋನ್ ಮಾಡಿದರು. “ನೀ ಬೆಂಗಳೂರಾಗ ಕೂತು ಬರೀತಿ, ನೋಟಿಸ್ ಬರೂದು ನನಗ.”

“ಹಂಗಾದ್ರ ನಿಮ್ಮ ಕ್ಲಾಸಿನ್ಯಾಗ ಯಾರರೆ ಕೇಳಿದ್ರ ಏನ್ ಮಾಡ್ತೀರಿ ಮಾಮಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ 264, 247ರ ಪಟ್ಟಿ ಪೂರ್ತಿ ಇದ್ದರ ಕಳಸು. ಹಲಗಿ ಮ್ಯಾಲ ಬರೀತೀನಿ” ಅಂದರು. “ನನ್ನ ಅಭಿಪ್ರಾಯದ್ದು ಆಮ್ಯಾಲ ನೋಡೂಣಂತ.”