ಮಳೆಗಾಲದ ಖಂಡಕ್ಕೊಂದು ಡ್ರಮ್ಮು

ಬಾದನಹಟ್ಟಿ ಕಡೆ ಬ್ಯಾಸಗಿಯಲ್ಲಿ ಹಗ್ಗಕ್ಕೆ ಹಾಕಿದ ಖಂಡ ಬಿಸಿಲಿಗೇ ಒಣಗುತ್ತದೆ. ಮಳೆಗಾಲಕ್ಕೆ ಹೊಗೆ ಬೇಕು. 200 ಲೀಟರಿನ ಹಳೇ ಡ್ರಮ್ಮು ಸಾಕು. ತಿನ್ನೋ ಎಣ್ಣೆಯದಾಗಿರಲಿ, ಡಾಂಬರು, ಕ್ರಿಮಿನಾಶಕ ತುಂಬಿದ್ದು ಬ್ಯಾಡ. ಮೇಲ್ಭಾಗ ತೆಗೆದು, ಒಳಗೆ ಬೆಂಕಿ ಹಾಕಿ ಬಣ್ಣ ಪೂರಾ ಸುಡಬೇಕು. ತಳದ ಸುತ್ತ ಗಾಳಿಗೆ ತೂತು, ಮೇಲೆ ಖಂಡ ತೂಗಲು ಸರಳು. ತೆಳ್ಳಗೆ ಸೀಳಿ ಉಪ್ಪು, ಅರಿಶಿಣ ಹಚ್ಚಿದ ಖಂಡಕ್ಕೆ ಉರಿ ತಾಗಬಾರದು. ಪೂರಾ ಒಣಗೋತನಕ ಹೊಗೆ ಸುತ್ತಬೇಕು.

ಸೌದೆ ಬಳ್ಳಾರಿ ಜಾಲಿ. ಇದರ ದಾಯಾದಿ ಮೆಸ್ಕೀಟಿನ ಹೊಗೆ ಟೆಕ್ಸಾಸಿನಲ್ಲಿ ರುಚಿ. ನಮ್ಮ ಕೇರಿಯದು ನಾತ! ವಿಮರ್ಶಕರು ರಸದ ಬಗ್ಗೆ ಬರೆದಷ್ಟು ಈ ನಾತದ ಬಗ್ಗೆ ಬರೆದಿಲ್ಲ.

ಒಣಗಿದ ಮೇಲೆ ಖಂಡ ಕುರಿಯದೋ ದನದ್ದೋ ಕಣ್ಣಿಗೆ ತಿಳಿಯದು. ದನ ಕಡಿದರೆ 3ರಿಂದ 7 ವರ್ಷ ಸೆರೆ ಎಂದ 2020ರ ಕಾಯ್ದೆ ಬಂದಮೇಲೆ ಆ ಪ್ರಶ್ನೆ ಹಗ್ಗದಡಿಗೇ ಬಂದು ನಿಲ್ಲುತ್ತದೆ. ಡ್ರಮ್ಮಿಗಾದರೆ ಮುಚ್ಚಳ ಐತೆ. ಇಲ್ಲದಿದ್ದರೆ ಒದ್ದೆ ಗೋಣಿಚೀಲವೂ ನಡೆಯುತ್ತದೆ.